ಮೊಳೆಗೆ ನೇತುಹಾಕಿದ ಅರ

ಮಾರ್ಚ್ 4, ಬೆಳಿಗ್ಗೆ

ಬಸವನಹುಳುವಿನ ಎಡಗೊಂಬು ಮುಗಿಯಿತು. ಬಲಗೊಂಬು ಬಾಕಿ. ಎರಡೂ ಹೊಲಿಗೆ ಸೂಜಿಗಿಂತ ಚೂರು ದಪ್ಪ, ಅಷ್ಟೆ. ಉಸಿರು ಬಿಗಿಹಿಡಿದು ಅರ ಆಡಿಸಬೇಕು. ಕೆಮ್ಮು ಬಂದರೆ ಎರಡು ವಾರದ ಕೆಲಸ ನೀರುಪಾಲು.

ಆರ್ಡರ್ ಶೂಟಿಂಗ್ ಕ್ಲಬ್ಬಿನ ಅಧ್ಯಕ್ಷೆಯದು. ನಳಿಗೆಯ ಬಾಯಿಂದಲೇ ಮದ್ದು, ಗುಂಡು ತುಂಬುವ ಹಳೇ ನಮೂನೆಯ ಕೋವಿ. ನಳಿಗೆಯ ಕೆಲಸ ಗಂಡನದು, ಮರದ್ದು ಮಾವನದು, ಹಿತ್ತಾಳೆಯದು ನನ್ನದು. ಗುಂಡಿಗೆ ಸುತ್ತುವ ಬಟ್ಟೆ ಚೂರು ಇಡಲು ಹಿಂಬದಿಯ ಮರದಲ್ಲೊಂದು ಗೂಡು. ಅದರ ಮುಚ್ಚಳಕ್ಕೆ ಬಳ್ಳಿ ಬೇಕೆಂದರು. ಕೊರೆದೆ. ಕೊನೆಯ ಎಲೆಯ ಮೇಲೆ ಬಸವನಹುಳು ಮಾತ್ರ ಯಾರೂ ಕೇಳಿದ್ದಲ್ಲ, ನನ್ನದೇ ತಲೆಹರಟೆ. ಮನೆಯಲ್ಲಿ ನನಗಿಟ್ಟ ಹೆಸರು ಅದು. ನಿಧಾನವಂತೆ ನಾನು. ಇರಲಿ, ಹಿತ್ತಾಳೆಯ ಮೇಲೂ ಇರಲಿ.

ಮಾರ್ಚ್ 5

ಬ್ಯಾಂಡ್ ವಾದ್ಯ ತಯಾರಿಸುವವರಿಂದ ಮತ್ತೆ ಫೋನ್. ಸ್ಯಾಕ್ಸೊಫೋನಿನ ಕೀಲಿಗಳಿಗೆ ಅರ ಹಿಡಿಯುವವರು ಬೇಕಂತೆ. ಇಪ್ಪತ್ತರೊಳಗೆ ಉತ್ತರ ಕೊಡಬೇಕು. ಅಲ್ಲಿ ನಾನು ಮುಗಿಸಿದ್ದೇ ಮುಗಿದದ್ದು.

ಇಲ್ಲಿ? ಒಂಬತ್ತು ವರ್ಷದಲ್ಲಿ ನನ್ನ ಒಂದೇ ಒಂದು ತುಂಡು ನೇರವಾಗಿ ಕೋವಿಗೆ ಹೋಗಿಲ್ಲ. ಕೊಟ್ಟ ತಕ್ಷಣ ಮಾವ ಕಿಟಕಿಯ ಬೆಂಚಿಗೆ ಒಯ್ಯುತ್ತಾರೆ. ಮೊಳೆಗೆ ನೇತುಹಾಕಿದ ತಮ್ಮ ಅರ ತೆಗೆಯುತ್ತಾರೆ — ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಮೂರು ಸಲ ಆಡಿಸುತ್ತಾರೆ. ಆಮೇಲೆ, ‘ಹಾಂ, ಈಗ ಆಯ್ತು.’ ಆ ‘ಈಗ’ ಕೇಳಿದರೆ ಮೈಯೆಲ್ಲ ಉರಿಯುತ್ತದೆ. ನೋಡಲಾರದೆ ಪ್ರತಿಸಲ ಹಿಂದಿನ ನಲ್ಲಿಗೆ ಹೋಗಿ, ಜೋರಾಗಿ ನೀರು ಬಿಟ್ಟು ಕೈ ತೊಳೆಯುತ್ತೇನೆ.

ಗಂಡನಿಗೆ ಹೇಳಿಬಿಟ್ಟೆ. ಈ ಮುಚ್ಚಳಕ್ಕೂ ಅರ ಮುಟ್ಟಿಸಿದರೆ ನನಗೆ ಸ್ಯಾಕ್ಸೊಫೋನೇ ಗತಿ. ಅವನು ನಳಿಗೆಯೊಳಗೆ ಕಣ್ಣಿಟ್ಟು ಕೂತ. ಅಪ್ಪನ ವಿಷಯ ಬಂದರೆ ಪಾಪ, ನಳಿಗೆಯೊಳಗೆ ಏನೇನೋ ಕಾಣಿಸುತ್ತದೆ ಅವನಿಗೆ.

ಮಾರ್ಚ್ 6

ಕೆಮ್ಮು ಬಂತು. ಮುಚ್ಚಳ ಕೆಳಗಿಟ್ಟು, ಹೊರಗೆ ಹೋಗಿ ಕೆಮ್ಮಿ ಬಂದೆ.

ಮಾರ್ಚ್ 11, ಸಂಜೆ

ಬಲಗೊಂಬು ಆಯಿತು! ಬೆಂಚಿನ ಸುತ್ತ ಒಂದು ಸುತ್ತು ಕುಣಿದೆ. ಅತ್ತೆ ನೋಡಿಬಿಟ್ಟರು. ಮುಚ್ಚಳವನ್ನು ಬೆಳಕಿಗೆ ಹಿಡಿದು, ಹುಳುವನ್ನೂ ನನ್ನನ್ನೂ ನಾಲ್ಕು ಸಲ ನೋಡಿ, ಮೂಗು ಥೇಟ್ ನಿನ್ನದೇ ಎಂದು ಒಳಗೆ ಹೋದರು. ಬಸವನಹುಳುವಿಗೆ ಮೂಗೆಲ್ಲಿದೆ?

ಮಾರ್ಚ್ 12, ಮಧ್ಯಾಹ್ನ 3

ಬರೆಯಲು ಕೂತರೆ ಸಿಟ್ಟು. ನಗು ಬೇರೆ.

ಮಾವ, ಅತ್ತೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರು. ನನ್ನ ಸಣ್ಣ ಅರ ಲಟಕ್ಕನೆ ಮುರಿಯಿತು. ಎಲೆಯ ಅಂಚು ಒಂದಿಷ್ಟು ಉಳಿದಿತ್ತು. ಹಾಳಾಗಲಿ ಎಂದು ಮೊಳೆಯ ಅರಕ್ಕೇ ಕೈ ಹಾಕಿದೆ.

ಅರದ ಹಲ್ಲುಗಳ ಸಂದಿಯಲ್ಲಿ ಹಿತ್ತಾಳೆಯ ಒಂದು ಕಣವೂ ಇಲ್ಲ. ಬರೀ ಮರದ ಪುಡಿ. ಮರಕ್ಕೆ ಅವರ ಒರಟು ಅರಗಳು ಬೇರೆಯೇ ಇವೆ. ಇದೇನಪ್ಪ ಎಂದು ಅವರ ಬೆಂಚು ನೋಡಿದೆ. ಬಲಗಡೆಯ ಅಂಚಿನಲ್ಲಿ ಬೆರಳಗಲದ ತಗ್ಗು, ಸವೆದು ನುಣ್ಣಗಾಗಿದೆ. ಅರ ಇಟ್ಟು ನೋಡಿದೆ. ಸರಿಯಾಗಿ ಕೂತಿತು.

ಇಷ್ಟು ವರ್ಷ ಬೆಂಚು ಉಜ್ಜಿದ್ದಾರೆ ಮಹಾಶಯರು! ನನ್ನ ಕೆಲಸ ಮುಟ್ಟಿಯೇ ಇಲ್ಲ!

ಸಂಜೆ

ಒಂದು ಅನುಮಾನ. ಮಾವನ ಕಣ್ಣು ಮಂಜಾಗಿರಬಹುದೇ? ತಪ್ಪು ಕಾಣದ್ದಕ್ಕೇ ಈ ನಾಟಕವೇ? ಹಾಗಿದ್ದರೆ ನನ್ನ ಕೆಲಸ ಚೆನ್ನಾಗಿದೆಯೆಂದು ಹೇಳುವವರಾದರೂ ಯಾರು? ಪರೀಕ್ಷೆ ಮಾಡಿಯೇ ತೀರುತ್ತೇನೆ.

ಮಾರ್ಚ್ 14

ಬಲಗೊಂಬಿನ ಕೆಳಗೆ ಎಳ್ಳಿಗಿಂತ ಸಣ್ಣದೊಂದು ಹಿತ್ತಾಳೆಯ ಮುಳ್ಳನ್ನು ಬೇಕೆಂದೇ ಎಬ್ಬಿಸಿ ಹಾಗೇ ಬಿಟ್ಟೆ. ಮುಚ್ಚಳ ಕೊಟ್ಟೆ. ನಲ್ಲಿಗೆ ಹೋದೆ, ನೀರು ಬಿಡಲಿಲ್ಲ. ಸರ್. ಸರ್. ಸರ್. ಶುದ್ಧ ಮರದ ಸದ್ದು. ಇಷ್ಟು ದಿನ ಸಿಟ್ಟಿನಲ್ಲಿ, ನೀರಿನ ಗದ್ದಲದಲ್ಲಿ ಕಿವಿಯೇ ಕೊಟ್ಟಿರಲಿಲ್ಲ ನಾನು.

‘ಹಾಂ, ಈಗ ಆಯ್ತು.’

ಓಡಿ ಬಂದು ಹೆಬ್ಬೆರಳು ಆಡಿಸಿದೆ. ಮುಳ್ಳು ಅಲ್ಲೇ ಇದೆ. ಕಂಡಿಲ್ಲ ಅವರಿಗೆ. ಅಷ್ಟರಲ್ಲಿ ಮಾವ ಅರವನ್ನು ಮೊಳೆಗೆ ಹಾಕುತ್ತಾ, ತಿರುಗಿಯೂ ನೋಡದೆ,

‘ಬಲಗೊಂಬಿನ ಕೆಳಗೆ ಮುಳ್ಳು ಬಿಟ್ಟಿದ್ದೀಯ. ಬೇಕಂತಲೇ ಬಿಟ್ಟಿದ್ದು ಅದು. ನೀನೇ ತೆಗಿ.’

ಎಷ್ಟು ವರ್ಷದಿಂದ ಈ ಆಟ ಎಂದು ಕೇಳಿದೆ. ಮೂರನೇ ಕೋವಿಯಿಂದಂತೆ.

‘ಮತ್ತೆ ಬೆಂಚನ್ಯಾಕೆ ಉಜ್ತಿದ್ರಿ, ಮಾವ?’

ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಒರೆಸಿದರು.

‘ಎಲ್ಲ ಸರಿ ಇದೆ ಅಂದ್ಬಿಟ್ರೆ ನಿಂಗೆ ನಾನ್ಯಾಕೆ ಬೇಕು?’

ಬೈಯಬೇಕೆಂದು ಬಾಯಿ ತೆರೆದೆ. ಅಳು ಬಂತು. ಅಳುತ್ತಲೇ ನಗು ಬಂತು. ಅವರಿಗೂ. ಅತ್ತೆ ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಆ ಬೆಂಚಿನ ಪುಡಿ ಇಷ್ಟು ವರ್ಷ ಗುಡಿಸಿದ್ದು ಯಾರು ಅಂದುಕೊಂಡಿದ್ದೀರಿ ಎಂದು ಇಬ್ಬರಿಗೂ ಸೇರಿಸಿ ಬೈದರು.

ಮುಳ್ಳು ನಾನೇ ತೆಗೆದೆ. ಒಂದೇ ಸಲ ಆಡಿಸಿದ್ದು. ತುಂಬ ಖುಷಿಯಾಗಿದೆ, ಬರೆಯಲೂ ಆಗುತ್ತಿಲ್ಲ.

ಮಾರ್ಚ್ 16

ಬ್ಯಾಂಡಿನವರಿಗೆ ಬರುವುದಿಲ್ಲವೆಂದೆ. ಬೇರೆಲ್ಲಾದರೂ ಕೆಲಸ ಸಿಕ್ಕಿತೇ ಎಂದರು. ಹೂಂ, ಸಿಕ್ಕಿತು ಎಂದೆ.

ಮಾರ್ಚ್ 27

ಅಧ್ಯಕ್ಷೆ ಕೋವಿ ಒಯ್ದರು. ಹುಳು ಕಂಡೊಡನೆ ಚಿಕ್ಕ ಹುಡುಗಿಯ ಹಾಗೆ ನಕ್ಕರು. ಇದು ಯಾರ ಕೈ ಎಂದು ಕೇಳಿದರು. ಮಾವ ನನ್ನ ಕಡೆ ಗದ್ದ ತೋರಿಸಿ, ಪೂರ್ತಿ ಅವಳದೇ, ನಾನು ಮುಟ್ಟಿಲ್ಲ ಎಂದರು. ಗಂಡ ನಳಿಗೆಯಿಂದ ಕಣ್ಣು ತೆಗೆದು ನೋಡಿದ. ಅಂತೂ!

ಏಪ್ರಿಲ್ 9, ಬೆಳಿಗ್ಗೆ 10

ಹೊಸ ಕೋವಿ. ಟ್ರಿಗರಿನ ಸುತ್ತ ಬರುವ ಹಿತ್ತಾಳೆ ಬಳೆಯನ್ನು ತಾವೇ ಮಾಡುತ್ತೇನೆಂದು ಮಾವ ಹಟ ಹಿಡಿದಿದ್ದರು. ಈಗಷ್ಟೇ ತಂದು ನನ್ನ ಮುಂದಿಟ್ಟರು. ‘ಸ್ವಲ್ಪ ಕೈ ತಾಗಿಸ್ಬಿಡಮ್ಮ.’ ಅಷ್ಟೇ ಹೇಳಿ ಕೈ ತೊಳೆಯಲು ನಲ್ಲಿಗೆ ಹೋದರು.

ತಿರುಗಿಸಿ ತಿರುಗಿಸಿ ನೋಡಿದೆ. ಒಂದು ಗೆರೆಯಾದರೂ ಸಿಗಲಿ ಎಂದು ಹುಡುಕಿದೆ. ಉಹುಂ.

ನಲ್ಲಿಯಿಂದ ನೀರಿನ ಸದ್ದೇ ಇಲ್ಲ.

ಮೊಳೆಯಿಂದ ಅರ ತೆಗೆದೆ. ಬೆಂಚಿನ ತಗ್ಗಿಗೆ ಇಟ್ಟೆ. ಒಂದು. ಎರಡು. ಮೂರನೆಯದನ್ನು ಬಾಕಿ ಇಟ್ಟು ಇಲ್ಲಿ ಕೂತು ಬರೆಯುತ್ತಿದ್ದೇನೆ. ಕಾಯಲಿ ಸ್ವಲ್ಪ. ಒಂಬತ್ತು ವರ್ಷ ನಾನು ಕಾದಿಲ್ಲವೇ?

ಮಾವ ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ. ಮತ್ತೊಮ್ಮೆ.

‘ಏನಮ್ಮಾ, ಆಯ್ತಾ?’

ಬಂದೆ, ಬಂದೆ. ಮೂರು. ಹಾಂ, ಈಗ —