ಕೈಗೆ ಸಿಗುವ ಸಾಲು

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಹದಿನಾಲ್ಕು ಹೆಲ್ಮೆಟ್ ಬೀಳಿಸಿದೆ. ಟೆಸ್ಟ್ ರೂಮಿನಲ್ಲಿ ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಕಬ್ಬಿಣದ ತಲೆಗೆ ಹೆಲ್ಮೆಟ್ ತೊಡಿಸು, ಪಟ್ಟಿ ಬಿಗಿ, ಮೇಲಕ್ಕೆ ಏರಿಸು, ಬಿಡು. ಕೆಳಗೆ ಉಕ್ಕಿನ ದಿಮ್ಮಿ. ಮೀಟರ್ ನೋಡಬೇಕಾಗಿಯೇ ಇಲ್ಲ, ಕಿವಿ ಸಾಕು. ಪೆಟ್ಟು ತಡೆಯುವ ಹೆಲ್ಮೆಟ್ ಧಪ್ ಅನ್ನುತ್ತದೆ. ತಡೆಯದ್ದು ಠಣ್ ಅನ್ನುತ್ತದೆ — ಪೆಟ್ಟು ಒಳಗಿನ ತಲೆಗೇ ಹೋಯಿತು ಎಂದು ಅರ್ಥ.

ಇವತ್ತಿನ ಹದಿನಾಲ್ಕರಲ್ಲಿ ಒಂಬತ್ತು ಠಣ್. ರಿಜಿಸ್ಟರಿನಲ್ಲಿ ಹದಿನಾಲ್ಕೂ ಪಾಸ್. ಒಳಗಿನ ಥರ್ಮೋಕೋಲ್ ತೆಳ್ಳಗೆ ಮಾಡಿದಂದಿನಿಂದ ಹೀಗೆಯೇ. ಮ್ಯಾನೇಜರ್‌ಗೆ ಹೇಳಿದೆ.

"ಇದೇನು ಹೊಸ ವಿಷ್ಯಾನಾ? ನಾಳಿದ್ದು ಇನ್ಸ್‌ಪೆಕ್ಟರ್ ಬರ್ತಾರೆ. ಅಳಿಯಂದಿರು ರೆಡಿನಾ, ಅದು ಹೇಳು."

ರೆಡಿ. ಹನ್ನೆರಡು ಜನ.

ಮಾರ್ಚ್ 5, ಬುಧವಾರ, ಮಧ್ಯಾಹ್ನ

ರಿಜಿಸ್ಟರಿನಲ್ಲಿ ಬರೆಯುವುದೆಲ್ಲ ಸುಳ್ಳು. ಯಾರೂ ಓದದ ಈ ಪುಸ್ತಕದಲ್ಲಾದರೂ ಸರಿಯಾಗಿ ಬರೆದಿಡುತ್ತೇನೆ.

ಅಳಿಯ ಅಂದರೆ ನಾನು ಕೈಯಾರೆ ಮಾಡುವ ಹೆಲ್ಮೆಟ್. ಗಟ್ಟಿ ಥರ್ಮೋಕೋಲ್, ಚಿಪ್ಪಿಗೆ ಎರಡು ಪದರ ಹೆಚ್ಚು, ತೊಂಬತ್ತು ಗ್ರಾಂ ಜಾಸ್ತಿ ತೂಕ. ಹೊರಗಿನಿಂದ ನೋಡಿದರೆ ಉಳಿದವುಗಳ ಹಾಗೆಯೇ. ಮಾರಾಟಕ್ಕಿಲ್ಲ. ಬಂದವರೆದುರು ಕೂರಿಸಿ ಉಪಚಾರ ಮಾಡುವುದಕ್ಕೆ ಮಾತ್ರ, ಅದಕ್ಕೇ ಆ ಹೆಸರು. ನನ್ನ ಗುರುತಿಗೆ ಪಟ್ಟಿಯ ವಾಷರ್ ಕೆಳಗೆ ಪೆನ್ಸಿಲಿನ ಒಂದು ಚುಕ್ಕೆ.

ಇನ್ಸ್‌ಪೆಕ್ಟರ್ ಮೇಡಂ ಕೆಟ್ಟವರಲ್ಲ. ನಮ್ಮ ಕಾಫಿ ಕೂಡ ಮುಟ್ಟುವುದಿಲ್ಲ. "ನೀವು ಕೊಟ್ಟಿದ್ದು ಬೇಡ, ನಾನೇ ಆರಿಸ್ತೀನಿ" ಅನ್ನುತ್ತಾರೆ. ಆರಿಸುತ್ತಾರೆ. ಆದರೆ ಯಾರ ಕೈಯೇ ಆಗಲಿ, ಎದೆಯ ಎತ್ತರದ ಸಾಲಿಗೇ ಹೋಗುತ್ತದೆ. ತುದಿಯದನ್ನು ತೆಗೆಯುವುದಿಲ್ಲ, ಯಾರೋ ಬೇಕೆಂದೇ ಇಟ್ಟಿದ್ದಾರೆ ಎಂಬ ಅನುಮಾನ. ಮೂರನೆಯದರಿಂದ ಶುರು. ನಾವು ಅದಕ್ಕೆ ಕೈಗೆ ಸಿಗುವ ಸಾಲು ಅನ್ನುತ್ತೇವೆ. ಅಲ್ಲಿ ಹನ್ನೆರಡು ಅಳಿಯಂದಿರು.

ಆರು ತೆಗೆದರು. ಆರೂ ನನ್ನವೇ. ಕೈಯಲ್ಲಿ ತೂಗಿ ನೋಡಿದರು ಬೇರೆ. "ನಿಮ್ಮ ಕೆಲ್ಸ ಚೆನ್ನಾಗಿದೆ ರೀ" ಅಂದರು. ಹೊಗಳಿಕೆ ಕೇಳಿ ಒಂದು ಕ್ಷಣ ಖುಷಿಯಾಯಿತು. ನಾಚಿಕೆಗೇಡು.

ಮಾರ್ಚ್ 12, ಬುಧವಾರ

ಲಾಭದಲ್ಲಿ ಇಷ್ಟು ಭಾಗ ಸಮಾಜಕ್ಕೆ ಕೊಡಬೇಕೆಂದು ಕಾನೂನು. ಯಜಮಾನರು ಕಾಲೇಜು ಹುಡುಗಿಯರಿಗೆ ಆರುನೂರು ಹೆಲ್ಮೆಟ್ ಹಂಚುತ್ತಾರಂತೆ. ಬ್ಯಾನರ್ ಬಂದಿದೆ: "ನಿಮ್ಮ ತಲೆ, ನಮ್ಮ ಹೊಣೆ."

ಯಾವ ಸ್ಟಾಕಿನದು ಎಂದು ಕೇಳಿದೆ. ಗೋಡೌನಿನಲ್ಲಿ ಉಳಿದಿರುವ ಬ್ಯಾಚು. ಅದರಲ್ಲಿ ಇಪ್ಪತ್ತು ಬೀಳಿಸಿ ನೋಡಿದ್ದವನು ನಾನೇ. ಇಪ್ಪತ್ತೂ ಠಣ್.

"ಸಾರ್, ಆ ಬ್ಯಾಚು ಬೇಡ. ಹುಡುಗೀರು ನಿಜವಾಗ್ಲೂ ಹಾಕ್ಕೊಂಡು ಓಡಾಡ್ತಾರೆ."

ಮ್ಯಾನೇಜರ್ ನಕ್ಕರು. "ದಾನ ಕೊಟ್ಟ ಹಸುವಿನ ಹಲ್ಲು ಎಣಿಸ್ತಾರೇನಯ್ಯಾ? ಬರಿದಲೇಲಿ ಹೋಗೋದಕ್ಕಿಂತ ವಾಸಿ ತಾನೇ?"

ನಾನೂ ನಕ್ಕೆ. ಯಾಕೆ ನಕ್ಕೆನೋ.

ಮಾರ್ಚ್ 16, ಭಾನುವಾರ, ಸಂಜೆ 5

ನಿನ್ನೆ ತಂಗಿಯ ಫೋನು. ಅವಳ ಮಗಳು ಪುಟ್ಟಿಗೂ ಕಾಲೇಜಿನಲ್ಲಿ ಹೆಲ್ಮೆಟ್ ಬಂತಂತೆ. "ಅಣ್ಣ, ನಿಮ್ಮ ಫ್ಯಾಕ್ಟರಿದೇ, ಏನು ಚೆನ್ನಾಗಿದೆ ಗೊತ್ತಾ." ತಂಗಿಗೆ ಇರುವವಳು ಇವಳೊಬ್ಬಳೇ. ನನಗೆ ಮಕ್ಕಳಿಲ್ಲ, ನನಗೂ ಇವಳೊಬ್ಬಳೇ.

ಇವತ್ತು ಒಂದು ಅಳಿಯನನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಚಪ್ಪಲಿ ಸ್ಟ್ಯಾಂಡಿನ ಮೇಲೆ ಎರಡು ಹೆಲ್ಮೆಟ್ ಇದ್ದವು. ಎರಡೂ ಬಿಳಿ, ಎರಡಕ್ಕೂ ನೀಲಿ ಗೀಟು. ಒಂದರೊಳಗೆ ಪುಟ್ಟಿಯ ತಲೆಗೂದಲ ರಬ್ಬರ್. ಇನ್ನೊಂದು ಅವಳ ಗೆಳತಿಯದು — ಬಾಯಿ ಸುಮ್ಮನಿರದ ಹುಡುಗಿ, ಮನೆಯಲ್ಲೆಲ್ಲ ಗಿಳಿ ಎಂದೇ ಕರೆಯುವುದು. ಒಳಗೆ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು.

ಯಾರೂ ನೋಡದಾಗ ಪುಟ್ಟಿಯದನ್ನು ಬದಲಾಯಿಸಿದೆ. ರಬ್ಬರನ್ನು ಹೊಸದರೊಳಗೆ ಹಾಕಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಅಷ್ಟು ಸಲೀಸು.

ಹೊರಡುವಾಗ ಗಿಳಿ ಕೂಗಿದಳು, "ಮಾವ, ತಲೆ ಒಡೆದ್ರೆ ವಾರಂಟಿ ಇದ್ಯಾ?"

"ತಲೆಗಾ, ಹೆಲ್ಮೆಟ್ಟಿಗಾ?" ಅಂದೆ. ಎಲ್ಲರೂ ನಕ್ಕರು.

ಅವಳಿಗೂ ಒಂದು ತರಬೇಕು. ಮೇಡಂ ಒಯ್ದ ಆರರ ಬದಲು ಮತ್ತೆ ಆರು ಮಾಡಿಟ್ಟಿದ್ದೆ; ಈಗ ಹನ್ನೊಂದೇ ಉಳಿದಿವೆ, ಇನ್ನೊಂದು ಕಡಿಮೆಯಾದರೆ ಮ್ಯಾನೇಜರ್ ಲೆಕ್ಕ ಕೇಳುತ್ತಾರೆ. ಹೊಸದು ಮಾಡಿ ತಂದರಾಯಿತು. ಮುಂದಿನ ಭಾನುವಾರ.

ಏಪ್ರಿಲ್ 10, ಗುರುವಾರ

ಗಿಳಿ ಹೋದಳು.

ಏಪ್ರಿಲ್ 13, ಭಾನುವಾರ

ಗಾಡಿ ಓಡಿಸುತ್ತಿದ್ದವಳು ಗಿಳಿ, ಹಿಂದೆ ಪುಟ್ಟಿ. ತಿರುವಿನಲ್ಲಿ ಮರಳು. ವೇಗವೇನೂ ಇರಲಿಲ್ಲ. ಇಬ್ಬರೂ ಒಂದೇ ಕಡೆಗೆ ಬಿದ್ದರು, ಇಬ್ಬರ ತಲೆಯೂ ಫುಟ್‌ಪಾತಿನ ಅದೇ ಕಲ್ಲಂಚಿಗೆ ಬಡಿಯಿತು. ಒಬ್ಬಳ ಹೆಲ್ಮೆಟ್ ಕಾಯಿ ಹೋಳಾದಂತೆ ಹೋಳಾಯಿತು. ಪುಟ್ಟಿಯದಕ್ಕೆ ಬರೀ ಗೀರು. ಅವಳಿಗೆ ಮಣಿಕಟ್ಟು ಮುರಿದಿದೆ, ಅಷ್ಟೇ.

ಆಸ್ಪತ್ರೆಯಲ್ಲಿ ತಂಗಿ ನನ್ನ ಕೈ ಹಿಡಿದುಕೊಂಡಳು. "ನಿಮ್ಮ ಹೆಲ್ಮೆಟ್ಟು ಉಳಿಸ್ತು ಅಣ್ಣ."

ಪುಟ್ಟಿ ಮಾತ್ರ ನನ್ನನ್ನೇ ನೋಡುತ್ತಿದ್ದಳು. "ಮಾವ, ಅವಳದೂ ಅದೇ ಕಂಪನಿದು. ನಂದು ಒಡೀಲಿಲ್ಲ ಯಾಕೆ?"

ಗೊತ್ತಿಲ್ಲ ಅಂದೆ.

ಭಾನುವಾರ ತರುತ್ತೇನೆ ಅಂದುಕೊಂಡಿದ್ದೆನಲ್ಲ. ಎಷ್ಟು ಭಾನುವಾರಗಳು ಬಂದು ಹೋದವು? ಎಣಿಸಿದೆ. ಮೂರು.

ಏಪ್ರಿಲ್ 17, ಗುರುವಾರ

ಎಲ್ಲ ಕಡೆ ಅದೇ ಸದ್ದು. ಕ್ಯಾಂಟೀನಿನಲ್ಲಿ ಯಾರೋ ಚಮಚ ಬೀಳಿಸಿದರು — ಠಣ್. ಬಸ್ಸಿನ ಬಾಗಿಲು. ಪಕ್ಕದ ಮನೆಯ ಗೇಟು. ಟೆಸ್ಟ್ ರೂಮಿನ ಕಬ್ಬಿಣದ ತಲೆಗೆ ಕಣ್ಣು ಮೂಗು ಏನೂ ಇಲ್ಲ, ಯಾವತ್ತೂ ಇರಲಿಲ್ಲ. ಈಗ ಅದಕ್ಕೆ ಬೆನ್ನು ಹಾಕಿ ನಿಲ್ಲಲು ಆಗುತ್ತಿಲ್ಲ. ಏನಾದರೂ ಕೇಳಿಬಿಟ್ಟೀತು ಅನ್ನಿಸುತ್ತದೆ. ವಾರಂಟಿ ಇದ್ಯಾ ಅಂತ.

ಹೆದರಿಕೆಯಾಗುತ್ತದೆ. ಹಗಲು ಹನ್ನೊಂದು ಗಂಟೆಗೆ, ಟ್ಯೂಬ್‌ಲೈಟಿನ ಕೆಳಗೆ.

ಏಪ್ರಿಲ್ 21, ಸೋಮವಾರ

ಇನ್ಸ್‌ಪೆಕ್ಟರ್ ಮೇಡಂ ಮತ್ತೆ ಬಂದರು. ಎರಡೂ ಹೆಲ್ಮೆಟ್ ಅವರ ವಶದಲ್ಲಿವೆ. ಒಡೆದದ್ದರ ಅರ್ಧ ತುಂಡುಗಳು ರಸ್ತೆಯಲ್ಲೇ ಹೋಗಿವೆ, ತೂಕ ಹೋಲಿಸುವಂತಿಲ್ಲ. ಗೋಡೌನಿನಿಂದ ಮಾದರಿ ಬೇಕು ಅಂದರು.

ಬೆಳಿಗ್ಗೆಯೇ ಮ್ಯಾನೇಜರ್ ಹೇಳಿದ್ದರು: "ಸಾಲು ಕಟ್ಟು."

ಕಟ್ಟುವುದಿಲ್ಲ ಎಂದು ಮನೆಯಿಂದ ಹೊರಟಾಗಲೇ ತೀರ್ಮಾನಿಸಿದ್ದೆ. ಕಟ್ಟಿದೆ. ಮೂರನೆಯದರಿಂದ ಶುರು, ಎದೆಯ ಎತ್ತರ. ಮೇಡಂ ಕೈ ಚಾಚಿದರು. ಕೆಳಗಿನ ಸಾಲಿಗೆ ಹೋಗಲಿ, ಒಂದೇ ಒಂದು ಸಲ ಬಗ್ಗಲಿ ಎಂದು ಬೇಡಿಕೊಂಡೆ. ಬಗ್ಗಲಿಲ್ಲ. ಆರಕ್ಕೆ ಆರೂ ಅಳಿಯಂದಿರು.

ನನ್ನ ಬಾಯಿ ಎಲ್ಲಿ ಹೋಗಿತ್ತು?

ಏಪ್ರಿಲ್ 30, ಬುಧವಾರ

ಕಂಪನಿ ಇಲಾಖೆಗೆ ಬರೆದ ಉತ್ತರ ಓದಿಸಿದರು. ನನ್ನ ಸಹಿಯೂ ಬೇಕು, ಟೆಸ್ಟ್ ರೂಮಿನ ಇನ್‌ಚಾರ್ಜ್ ಎಂದು.

ಒಂದೇ ಬ್ಯಾಚು, ಒಂದೇ ಅಪಘಾತ, ಒಂದೇ ಕಲ್ಲು. ಒಂದು ಹೆಲ್ಮೆಟ್ ಜೀವ ಉಳಿಸಿದೆ. ಆದ್ದರಿಂದ ಮಾಲಿನಲ್ಲಿ ದೋಷವಿಲ್ಲ. ಮೃತಳು ಪಟ್ಟಿ ಹಾಕಿಕೊಂಡಿರಲಿಲ್ಲ.

ಎರಡು ಸಲ ಓದಿದೆ. ಅವರ ಸಾಕ್ಷಿ ಅಂದರೆ ಪುಟ್ಟಿಯ ಹೆಲ್ಮೆಟ್. ನಾನು ಚೀಲದಲ್ಲಿಟ್ಟುಕೊಂಡು ಹೋದದ್ದು.

"ಏನಯ್ಯಾ, ಬೆವರ್ತಿದೀಯ?" ಅಂದರು ಮ್ಯಾನೇಜರ್. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕುತ್ತಿಗೆ ಮುಟ್ಟಿಕೊಂಡೆ. ಸಹಿ ಹಾಕಿದೆ.

ಮೇ 4, ಭಾನುವಾರ

ತಂಗಿ ಬರಹೇಳಿದ್ದಳು. "ಊಟಾನೂ ಮಾಡ್ತಿಲ್ಲ, ಮಾತೂ ಆಡ್ತಿಲ್ಲ. ನಿನ್ನ ಮಾತಾದ್ರೂ ಕೇಳ್ತಾಳೇನೋ ನೋಡು."

ಪುಟ್ಟಿ ಕಿಟಕಿಯ ಪಕ್ಕ ಕೂತಿದ್ದಳು. ಬ್ಯಾಂಡೇಜಿನ ಕೈ ತೊಡೆಯ ಮೇಲೆ. ಇನ್ನೊಂದು ಕೈಯಲ್ಲಿ ಅಪ್ಪನ ಹಳೇ ಹೆಲ್ಮೆಟ್ಟಿನ ಪಟ್ಟಿ. ಹಾಕುತ್ತಾಳೆ, ಟಕ್. ಬಿಚ್ಚುತ್ತಾಳೆ. ಹಾಕುತ್ತಾಳೆ.

"ಅವತ್ತು ಅವಳ ಉಗುರು ಬಣ್ಣ ಒಣಗಿರ್ಲಿಲ್ಲ ಮಾವ. 'ನೀನೇ ಹಾಕೇ' ಅಂತ ಗದ್ದ ಎತ್ತಿದ್ಲು. ನಾನೇ ಹಾಕ್ದೆ. ಟಕ್ ಅಂತು." ಮತ್ತೆ ಹಾಕಿದಳು. "ಅಂತಾ? ಈಗ ಗೊತ್ತಾಗ್ತಾನೇ ಇಲ್ಲ. ಹಾಕಿರ್ಲಿಲ್ಲ ಅಂತ ನಿಮ್ಮೋರು ಬರ್ದಿದಾರಂತೆ. ಹಾಗಾದ್ರೆ ನಾನೇ ತಾನೇ..."

ಇನ್ನು ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಅಳಿಯಂದಿರು, ಚುಕ್ಕೆ, ಸಾಲು, ಚಪ್ಪಲಿ ಸ್ಟ್ಯಾಂಡು. ನಿನ್ನ ತಪ್ಪು ಎಳ್ಳಷ್ಟೂ ಇಲ್ಲ ಅಂದೆ. ಅಳುತ್ತಾಳೆ, ಬಯ್ಯುತ್ತಾಳೆ ಅಂದುಕೊಂಡಿದ್ದೆ.

ಸುಮ್ಮನೆ ಕೇಳಿದಳು, "ನಂದೊಂದೇ ಬದಲಾಯಿಸಿದ್ಯಾ?"

ಹೂಂ ಅಂದೆ.

"ಅವಳದೂ ಅಲ್ಲೇ ಪಕ್ಕದಲ್ಲೇ ಇತ್ತಲ್ಲ ಮಾವ."

ಪಟ್ಟಿ ಕೆಳಗಿಟ್ಟಳು. ಆಮೇಲೆ ನನ್ನ ಕಡೆ ನೋಡಲಿಲ್ಲ. ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಎಷ್ಟು ಕೇಳಿಸಿಕೊಂಡಳೋ. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳಲು ಬಗ್ಗಿದೆ. ಸ್ಟ್ಯಾಂಡಿನ ಮೇಲೆ ಧೂಳು, ಧೂಳಿನಲ್ಲಿ ಎರಡು ದುಂಡನೆಯ ಗುರುತು.

ಮೇ 8, ಗುರುವಾರ, ಬೆಳಿಗ್ಗೆ 10.40

ಇಲಾಖೆಯ ಕಚೇರಿ. ವಿಚಾರಣೆಯ ಕೋಣೆಯ ಹೊರಗೆ ಬೆಂಚು. ಕರೆಯುವ ತನಕ ಬರೆಯುತ್ತೇನೆ.

ಮ್ಯಾನೇಜರ್ ಎಡಗಡೆ. "ಎರಡೇ ಮಾತು, ನೆನಪಿರ್ಲಿ. ಒಂದೇ ಬ್ಯಾಚು. ಪಟ್ಟಿ ಹಾಕಿರ್ಲಿಲ್ಲ. ಹೆಚ್ಚು ಮಾತಾಡಿದ್ರೆ ಮೊದ್ಲು ಒಳಗೆ ಹೋಗೋನು ನೀನೇ, ಮಾಡ್ದೋನೂ ನೀನೇ, ಸಾಲು ಕಟ್ಟಿದ್ದೂ ನೀನೇ." ಅವರು ಹೇಳುವುದರಲ್ಲಿ ಸುಳ್ಳಿಲ್ಲ.

ಎದುರಿನ ಬೆಂಚಿನಲ್ಲಿ ಗಿಳಿಯ ತಾಯಿ. ತೊಡೆಯ ಮೇಲೆ ಮಗಳ ಕಾಲೇಜು ಬ್ಯಾಗು. ಪಕ್ಕದಲ್ಲಿ ಪುಟ್ಟಿ. ನಾನು ಬಂದಾಗ ತಲೆ ಎತ್ತಲಿಲ್ಲ. ಆ ತಾಯಿ ಎದ್ದು ಬಂದರು.

"ನೀವು ಪುಟ್ಟಿ ಮಾವ ಅಲ್ವಾ? ಅವಳಾದ್ರೂ ಉಳಿದ್ಲಲ್ಲ. ಅದೇ ಸಮಾಧಾನ ಅಪ್ಪ." ತಡೆದು ಹೇಳಿದರು, "ನಮ್ಮೋಳಿಗೆ ನಾನೇ ಸರಿಯಾಗಿ ಬುದ್ಧಿ ಹೇಳಿದ್ರೆ ಪಟ್ಟಿ ಹಾಕ್ಕೋತಿದ್ಲೋ ಏನೋ."

ಒಬ್ಬಳು ತಾನು ಹಾಕಲಿಲ್ಲವೇನೋ ಎನ್ನುತ್ತಾಳೆ, ಒಬ್ಬರು ತಾನು ಹೇಳಿಕೊಡಲಿಲ್ಲವೇನೋ ಎನ್ನುತ್ತಾರೆ. ನನ್ನ ಪಾಲಿನದನ್ನು ಇವರಿಬ್ಬರೂ ಹಂಚಿಕೊಂಡು ಹೊರುತ್ತಿದ್ದಾರೆ.

ಬಾಗಿಲು ಅರ್ಧ ತೆರೆದಿದೆ. ಮೇಜಿನ ಮೇಲೆ ಎರಡೂ ಕಾಣುತ್ತಿವೆ. ಒಂದು ಇಡಿಯಾಗಿ, ಒಂದು ಪ್ಲಾಸ್ಟಿಕ್ ಚೀಲದಲ್ಲಿ.

ಜೇಬಿನಲ್ಲಿ ಸಣ್ಣ ಸ್ಕ್ರೂಡ್ರೈವರ್ ಇದೆ. ಮೇಡಂ ಏನನ್ನಾದರೂ ಕೇಳುವ ಮೊದಲೇ ವಾಷರ್ ಬಿಚ್ಚಬೇಕು. ಚುಕ್ಕೆ ತೋರಿಸಬೇಕು. ಗೋಡೌನಿಗೆ ಹೋಗಿ, ಕೆಳಗಿನ ಸಾಲಿಗೆ ಬಗ್ಗಿ ಅನ್ನಬೇಕು. ಉಳಿದ ಐನೂರ ತೊಂಬತ್ತೆಂಟು ಹುಡುಗಿಯರು ಈ ಹೊತ್ತಿಗೆ ಯಾವ ಯಾವ ರಸ್ತೆಯಲ್ಲಿದ್ದಾರೋ.

ನನ್ನ ಹೆಸರು ಕರೆದರು. ಪುಟ್ಟಿ ಈಗ ನೋಡುತ್ತಿದ್ದಾಳೆ.

ಮೊದಲ ಮಾತು ಇಲ್ಲೇ ಬರೆದುಕೊಂಡು ಎದ್ದೇಳುತ್ತೇನೆ, ಒಳಗೆ ನಾಲಿಗೆ ಮತ್ತೆ ಕೈ ಕೊಡಬಾರದು: ಒಂದೇ ಬ್ಯಾಚು ಅಲ್ಲ ಮೇಡಂ. ಸ್ಟ್ಯಾಂಡಿನ ಮೇಲೆ ಎರಡಿದ್ದವು. ನಾನು ತಂದದ್ದು ಒಂದೇ