ನಿನ್ನ ಹೇಳಿಕೆ ನಿಜವೆಂದೆ

ರಾಜಶೇಖರ,

ನೀನು ತೀರಿಕೊಂಡು ಇಂದಿಗೆ ಹದಿನಾಲ್ಕು ದಿನ. ನಾವಿಬ್ಬರೂ ಕೇಂದ್ರದಲ್ಲಿ ಮಂತ್ರಿಗಳಾಗಿದ್ದಾಗಿನ ಆ ಗಣಿ ಗುತ್ತಿಗೆಯ ಬಗ್ಗೆ ವಿಚಾರಿಸಲು ತನಿಖಾಧಿಕಾರಿ ಬೆಳಿಗ್ಗೆ ಇಂದಿರಾನಗರದ ನನ್ನ ಮನೆಗೆ ಬಂದಿದ್ದರು. ನೀನು ಆಸ್ಪತ್ರೆಯಲ್ಲಿ ಕೊಟ್ಟ ಹೇಳಿಕೆಯನ್ನು ಓದಿದರು: "ತೀರ್ಮಾನ ನನ್ನೊಬ್ಬನದೇ."

"ನಿಜಾನಾ ಸಾರ್?" ಎಂದರು. ಹೌದೆಂದು ಸಹಿ ಹಾಕಿದೆ.

ಸಂಜೆ ನಿನ್ನ ಮಗಳು ಐಶ್ವರ್ಯಾ ಬಂದಳು. ಕೂರಲಿಲ್ಲ.

"ಕಾಕಾ, ಅವತ್ತು ಫೋನಲ್ಲಿ ಅಪ್ಪ ಈ ಗುತ್ತಿಗೆ ಬೇಡ ಬೇಡ ಅಂತ ನಿಮ್ಮ ಮೇಲೆ ಕೂಗಾಡಿದ್ರು. ಒತ್ತಾಯ ಮಾಡಿದ್ದು ನೀವು. ಅದನ್ನ ಹೇಳಿದ್ರಾ?"

"ನನಗೆ ನೆನಪಿಲ್ಲಮ್ಮ."

"ನಂಗಿದೆ. ಪಕ್ಕದಲ್ಲೇ ಇದ್ದೆ. ನಾಳೆ ನಾನೇ ಹೋಗಿ ಹೇಳ್ತೀನಿ."

ನೀನು ಬದುಕಿದ್ದರೆ ಅವಳನ್ನು ಗದರಿಸಿ ನನ್ನನ್ನು ಉಳಿಸುತ್ತಿದ್ದೆ. ತಡೆಯಬೇಕೆಂದು ನಾನೂ ಅವಳ ಹಿಂದೆ ಗೇಟಿನವರೆಗೆ ಹೋದೆ. ಚಿಲಕ ಬಿಗಿಯಾಗಿತ್ತು, ಅವಳಿಂದ ಆಗಲಿಲ್ಲ. ನಾನೇ ತೆಗೆದುಕೊಟ್ಟೆ.

ಶಿವರುದ್ರಪ್ಪ