ಬಾಗದ ಎಸಳು

ನವೆಂಬರ್ ೧೪, ಗುರುವಾರ

ಕಾಗದದ ಹೂವಿನ ಎಸಳುಗಳ ವಿಷಯ ತಲೆಯಿಂದ ಹೋಗುತ್ತಿಲ್ಲ. ಕ್ರೇಪ್ ಕಾಗದದ ಸುಕ್ಕು ಎಸಳಿನ ಉದ್ದಕ್ಕೆ ಬರುವಂತೆ ಕತ್ತರಿಸಬೇಕು. ಹೆಬ್ಬೆರಳಿನಿಂದ ಒತ್ತಿದಾಗ ಅದು ಬಟ್ಟಲಿನಂತೆ ಬಾಗುವುದು ಆಗಲೇ. ನನಗೆ ಇದನ್ನು ಕಲಿಸಿದವಳು ಅಕ್ಕ. ಹಜಾರದ ಹೂದಾನಿಯಲ್ಲಿರುವ ಬಟ್ಟೆಯ ಗುಲಾಬಿಗಳೂ ಅವಳವೇ, ಇನ್ನೂ ಒಂದು ಎಸಳೂ ಜೋಲುಬಿದ್ದಿಲ್ಲ. ಇವತ್ತು ಅವಳು ಒಂದು ಬುಟ್ಟಿ ಎಸಳನ್ನು ಸುಕ್ಕು ಅಡ್ಡ ಬರುವಂತೆ ಕತ್ತರಿಸಿಟ್ಟಿದ್ದಳು. ಈಚೆಗೆ ಒಲೆ ಆರಿಸುವುದನ್ನೂ ಮರೆಯುತ್ತಾಳೆ.

ಒಂದೊಂದನ್ನೇ ಒತ್ತಿ ನೋಡಿದಳು. ಯಾವುದೂ ಬಾಗಲಿಲ್ಲ. ಮುಖ ಸಣ್ಣದಾಯಿತು.

"ನಂಗೇನೋ ಆಗಿದೆ ಕಣೋ."

"ನಿಂಗೇನೂ ಆಗಿಲ್ಲ ಬಿಡಕ್ಕ. ಕಾಗದಾನೇ ಕಳಪೆ. ಅಂಗಡಿಯವನು ಟೋಪಿ ಹಾಕಿದಾನೆ."

ಕೈಯಲ್ಲಿದ್ದ ಎಸಳನ್ನು ಬುಟ್ಟಿಗೆ ಎಸೆದಳು. ಆಮೇಲೆ ಅವಳ ಹಳೆಯ ದನಿ ಬಂತು: "ಹಂಗೋ? ನಾಳೆ ಅವನ ಗ್ರಹಚಾರ ಬಿಡಿಸ್ತೀನಿ. ನೀನೂ ಬಾ, ಬಾಯಿ ಮುಚ್ಕೊಂಡು ನಿಂತ್ಕೋಬೇಡ."

ಎಸಳುಗಳನ್ನೆಲ್ಲ ಚೀಲಕ್ಕೆ ತುಂಬಿ ಬಾಗಿಲ ಬಳಿ ಇಟ್ಟು, ನೆಮ್ಮದಿಯಿಂದ ಮಲಗಿದ್ದಾಳೆ. ನನಗೆ ಸುಸ್ತಾಗಿದೆ, ನಿದ್ದೆ ಇಲ್ಲ. ನಾಳೆ ಆ ಬಡಪಾಯಿಯ ಮೇಲೆ ಅಕ್ಕನ ಜೊತೆ ನಾನೂ ಕೂಗಾಡಬೇಕು. ಕೂಗಾಡುತ್ತೇನೆ. ಆದರೆ ಅವನು ಕಾಗದ ಮಾರುವವನು, ಸುಕ್ಕಿನ ದಿಕ್ಕು ಬಲ್ಲವನು. ಚೀಲಕ್ಕೆ ಕೈ ಹಾಕಿ ಒಂದೇ ಒಂದು ಎಸಳನ್ನು ಬೆಳಕಿಗೆ ಹಿಡಿದುಬಿಟ್ಟರೆ…